ಮ್ಯಾಕ್ಸ್‌ಕ್ವಾಂಟ್ ಕೊಡುವ ಪಟ್ಟಿಯನ್ನು ಎಷ್ಟು ನಂಬಬಹುದು? ಆರು ವರ್ಷ ಬಳಸಿದವಳ ಮಾತು

ಲ್ಯಾಬ್‌ಗೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಕೇಳುವ ಮೊದಲ ಪ್ರಶ್ನೆ ಇದೇ. "ಅಕ್ಕಾ, ಮಾಸ್ ಸ್ಪೆಕ್ ಡೇಟಾ ಬಂದಿದೆ, ಯಾವುದರಲ್ಲಿ ಹಾಕಲಿ?" ಮಾಸ್ ಸ್ಪೆಕ್ ಅಂದರೆ ಮಾಸ್ ಸ್ಪೆಕ್ಟ್ರೋಮೀಟರ್, ಪ್ರೋಟೀನ್ ತುಂಡುಗಳ ತೂಕ ನೋಡುವ ಮೆಷಿನ್. ನನ್ನ ಉತ್ತರ ಆರು ವರ್ಷದಿಂದ ಮ್ಯಾಕ್ಸ್‌ಕ್ವಾಂಟ್, ಆ ಡೇಟಾದಿಂದ ಪ್ರೋಟೀನ್‌ಗಳ ಪಟ್ಟಿ ಮಾಡಿಕೊಡುವ ಸಾಫ್ಟ್‌ವೇರ್. ಅದು ಕೊಟ್ಟ ಸಂಖ್ಯೆಗಳನ್ನು ಮುಂದಕ್ಕೆ ನೋಡೋದಕ್ಕೆ ಅದರ ಜೋಡಿ ಪರ್ಸ್ಯೂಸ್. ಉತ್ತರ ಈಗಲೂ ಅದೇ, ಆದರೆ ಅದರ ಜೊತೆಗೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕಾದ ಮಾತುಗಳು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿವೆ. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ. ರಕ್ತದ ಪ್ಲಾಸ್ಮಾದಲ್ಲಿ ರೋಗದ ಗುರುತು ಹುಡುಕುವವರಿಗೆ, ಅಂದರೆ ಬಯೋಮಾರ್ಕರ್ ಕೆಲಸದವರಿಗೆ, ಇದು ಮುಖ್ಯವಾಗಿ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಜರ್ಮನಿಯ ಮ್ಯೂನಿಕ್ ಪಕ್ಕದ ಮಾರ್ಟಿನ್ಸ್‌ರೀಡ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಬಯೋಕೆಮಿಸ್ಟ್ರಿ ಸಂಸ್ಥೆ ಇದೆ. ಅಲ್ಲಿ ಯೂರ್ಗೆನ್ ಕಾಕ್ಸ್ ಮತ್ತು ಮಥಿಯಾಸ್ ಮಾನ್ ಸೇರಿ 2008ರಲ್ಲಿ ಮ್ಯಾಕ್ಸ್‌ಕ್ವಾಂಟ್ ಪ್ರಕಟಿಸಿದರು. 2011ರಲ್ಲಿ ಅದರೊಳಗೆ ಆಂಡ್ರೊಮೆಡಾ ಎಂಬ, ಡೇಟಾಗೆ ಹೊಂದುವ ಪ್ರೋಟೀನ್ ತುಂಡು ಹುಡುಕುವ ಸರ್ಚ್ ಎಂಜಿನ್ ಸೇರಿತು. 2014ರಲ್ಲಿ ಮ್ಯಾಕ್ಸ್‌ಎಲ್‌ಎಫ್‌ಕ್ಯೂ ಎಂಬ ಅಳತೆಯ ವಿಧಾನ, 2016ರಲ್ಲಿ ಪರ್ಸ್ಯೂಸ್ ಪ್ರಬಂಧ. 2018ರಿಂದ ಲಿನಕ್ಸ್‌ನಲ್ಲೂ ಓಡುತ್ತದೆ. ದುಡ್ಡು ಕೊಡಬೇಕಿಲ್ಲ. ಕಂಪನಿಗಳ ಸಾಫ್ಟ್‌ವೇರ್ ಲೈಸೆನ್ಸ್‌ಗೆ ಲಕ್ಷಗಟ್ಟಲೆ ಹೊಂದಿಸಲಾಗದ ನಮ್ಮಂಥ ಲ್ಯಾಬ್‌ಗಳಿಗೆ ಇದೊಂದೇ ಮಾತು ಸಾಕು, ಅಲ್ವಾ?

ಇದು ಮಾಡುವ ಕೆಲಸ ಸಣ್ಣದಲ್ಲ. ಪ್ಲಾಸ್ಮಾದ ಪ್ರೋಟೀನ್‌ಗಳನ್ನು ಟ್ರಿಪ್ಸಿನ್ ಹಾಕಿ ತುಂಡು ಮಾಡಿರುತ್ತೇವೆ. ಲೈಸಿನ್ ಅಥವಾ ಆರ್ಜಿನಿನ್ ಬಂದಲ್ಲಿ ಟ್ರಿಪ್ಸಿನ್ ಕತ್ತರಿಸುತ್ತದೆ. ಆ ತುಂಡುಗಳು ಅವನ್ನು ಬೇರ್ಪಡಿಸುವ ಕಾಲಂ ಎಂಬ ಕೊಳವೆ ದಾಟಿ ಒಂದೊಂದಾಗಿ ಮೆಷಿನ್ ಒಳಗೆ ಹೋಗುತ್ತವೆ. ಮೆಷಿನ್ ಮೊದಲು ತುಂಡಿನ ತೂಕ ನೋಡುತ್ತದೆ, ಆಮೇಲೆ ಅದನ್ನು ಒಡೆದು ಚೂರುಗಳ ತೂಕ ನೋಡುತ್ತದೆ. ಕೊನೆಗೆ ನಮ್ಮ ಕೈಗೆ ಸಿಗೋದು ಪೀಕ್‌ಗಳ ರಾಶಿ. ಯಾವ ಪೀಕ್ ಯಾವ ತುಂಡಿನದು, ಆ ತುಂಡು ಯಾವ ಪ್ರೋಟೀನಿನದು, ಈ ಸ್ಯಾಂಪಲ್‌ನಲ್ಲಿ ಎಷ್ಟು, ಆ ಸ್ಯಾಂಪಲ್‌ನಲ್ಲಿ ಎಷ್ಟು ಅನ್ನುವುದನ್ನೆಲ್ಲ ಮ್ಯಾಕ್ಸ್‌ಕ್ವಾಂಟ್ ಲೆಕ್ಕ ಹಾಕಿ ಒಂದು ಟೇಬಲ್ ಮಾಡಿ ಕೊಡುತ್ತದೆ. ಅದೇ ಪ್ರೋಟೀನ್‌ಗ್ರೂಪ್ಸ್ ಎಂಬ ಟೆಕ್ಸ್ಟ್ ಫೈಲ್. ನಮ್ಮ ಲ್ಯಾಬ್‌ನಲ್ಲಿ ಈ ಫೈಲಿನ ಹೆಸರು ದಿನಕ್ಕೆ ಹತ್ತು ಸಲ ಬರುತ್ತದೆ.

ಪ್ಲಾಸ್ಮಾ ಯಾಕೆ ಕಷ್ಟ ಅನ್ನೋದು ಇಲ್ಲಿ ಗೊತ್ತಿರಬೇಕು. ಒಂದು ಮಿಲಿಲೀಟರ್‌ನಲ್ಲಿ ಆಲ್ಬುಮಿನ್ ಒಂದೇ 35ರಿಂದ 50 ಮಿಲಿಗ್ರಾಂ ಇರುತ್ತದೆ. ಇರುವ ಪ್ರೋಟೀನ್‌ನಲ್ಲಿ ಸರಿಸುಮಾರು ಅರ್ಧ ಅದೇ. ಉರಿಯೂತದ ಸುದ್ದಿ ಹೇಳುವ ಇಂಟರ್‌ಲ್ಯೂಕಿನ್-6 ಆರೋಗ್ಯವಂತರಲ್ಲಿ ಕೆಲವೇ ಪಿಕೋಗ್ರಾಂ. ಎರಡರ ನಡುವೆ ಸಾವಿರ ಕೋಟಿ ಪಟ್ಟು ವ್ಯತ್ಯಾಸ. ಜಾತ್ರೆಯಲ್ಲಿ ತೇರಿನ ಪಕ್ಕ, ಡೊಳ್ಳಿನ ಸದ್ದಿನ ನಡುವೆ ನಿಂತು ಯಾರದೋ ಪಿಸುಮಾತು ಕೇಳಿಸಿಕೊಂಡ ಹಾಗೆ. ಆಲ್ಬುಮಿನ್ ತೆಗೆಯದೆ ಹಾಗೇ ಒಂದು ರನ್ ಹಾಕಿದರೆ ಸಾಮಾನ್ಯವಾಗಿ ಕೆಲವು ನೂರು ಪ್ರೋಟೀನ್ ಸಿಗುತ್ತವೆ, ಅವೂ ಮೇಲಿನ ಪದರದವು. ಇದು ಸಾಫ್ಟ್‌ವೇರ್ ತಪ್ಪಲ್ಲ. ಇಂಟರ್‌ಲ್ಯೂಕಿನ್ ಯಾಕೆ ಬಂದಿಲ್ಲ ಅಂತ ಅದನ್ನು ಬೈಯಬೇಡಿ.

ಇನ್ನು ಬಳಕೆ. ಹಾಕಿಕೊಳ್ಳೋದು ಸುಲಭ, ಡಾಟ್‌ನೆಟ್‌ನ ಸರಿಯಾದ ಆವೃತ್ತಿ ಇದ್ದರೆ ಸಾಕು. ಮೆಷಿನ್ ಕೊಟ್ಟ ಮೂಲ ಫೈಲ್‌ಗಳನ್ನು, ಅಂದರೆ ರಾ ಫೈಲ್‌ಗಳನ್ನು ಸೇರಿಸಿ, ಯೂನಿಪ್ರಾಟ್ ಎಂಬ ಪ್ರೋಟೀನ್ ಮಾಹಿತಿ ಭಂಡಾರದಿಂದ ಮನುಷ್ಯನ ಪ್ರೋಟೀನ್ ಪಟ್ಟಿ ಇಳಿಸಿ ಕೊಡಬೇಕು. ಪರಿಶೀಲಿಸಿದ ಪಟ್ಟಿಯಲ್ಲಿ 20 ಸಾವಿರಕ್ಕೆ ಸ್ವಲ್ಪ ಮೇಲೆ ಹೆಸರುಗಳಿವೆ. ಉಳಿದ ಸೆಟ್ಟಿಂಗ್‌ಗಳು ಹೆಚ್ಚಿನವು ಮೊದಲೇ ಸರಿಯಾಗಿ ಕೂತಿರುತ್ತವೆ. ಟ್ರಿಪ್ಸಿನ್ ಎರಡು ಕಡೆ ಕತ್ತರಿಸದೆ ಬಿಟ್ಟಿದ್ದರೂ ಲೆಕ್ಕಕ್ಕೆ ತಗೊಳ್ಳುತ್ತದೆ, ತುಂಡು ಕನಿಷ್ಠ 7 ಅಮೈನೋ ಆಮ್ಲ ಉದ್ದ ಇರಬೇಕು, ಆರ್ಬಿಟ್ರಾಪ್ ಬಗೆಯ ಮೆಷಿನ್ ಆದರೆ ಮುಖ್ಯ ಸರ್ಚ್‌ನಲ್ಲಿ ತೂಕದ ವ್ಯತ್ಯಾಸ 4.5 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 4.5 ಪಾಲಿನವರೆಗೆ ನಡೆಯುತ್ತದೆ. ಹೊಸಬರು ಇವನ್ನು ಸುಮ್ನೆ ಕೆದಕಲು ಹೋಗಬಾರದು. ಲೇಬಲ್ ಫ್ರೀ ಕ್ವಾಂಟಿಫಿಕೇಷನ್, ಅಂದರೆ ಯಾವ ಗುರುತೂ ಅಂಟಿಸದೆ ಅಳೆಯುವ ಬಗೆ, ಆನ್ ಮಾಡಿ, ಸ್ಟಾರ್ಟ್ ಒತ್ತಿ, ಮನೆಗೆ ಹೋಗಿ. ಹೌದು, ನಿಧಾನ. ಒಂದೊಂದು ಜಿಬಿ ಆಸುಪಾಸಿನ ಇಪ್ಪತ್ತು ಮೂವತ್ತು ಫೈಲ್ ಇದ್ದರೆ ಸಾಧಾರಣ ಕಂಪ್ಯೂಟರ್‌ನಲ್ಲಿ ರಾತ್ರಿಯಿಡೀ ಬೇಕು, ಕೆಲವು ಸಲ ಮಾರನೇ ದಿನವೂ. ಹಾರ್ಡ್ ಡಿಸ್ಕ್‌ನಲ್ಲಿ ರಾ ಫೈಲ್‌ಗಳಿಗಿಂತ ಎರಡು ಮೂರು ಪಟ್ಟು ಜಾಗ ಖಾಲಿ ಬಿಟ್ಟಿರಬೇಕು ಅನ್ನೋದು ನನ್ನ ರೂಢಿ. ವೇಗದ ವಿಷಯಕ್ಕೆ ಬಂದರೆ ಇದೇ ಕೆಲಸ ಮಾಡುವ ಮಿಷಿಗನ್ ವಿಶ್ವವಿದ್ಯಾಲಯದವರ ಫ್ರಾಗ್‌ಪೈಪ್ ಎಷ್ಟೋ ಮುಂದಿದೆ, ಅದನ್ನು ಒಪ್ಪಲೇಬೇಕು.

ನನಗೆ ಮ್ಯಾಕ್ಸ್‌ಕ್ವಾಂಟ್‌ನಲ್ಲಿ ತುಂಬಾ ಇಷ್ಟವಾದದ್ದು ಅದು ತನ್ನ ತಪ್ಪನ್ನು ತಾನೇ ಅಳೆಯುವ ರೀತಿ. ನಾವು ಕೊಟ್ಟ ಪ್ರೋಟೀನ್ ಪಟ್ಟಿಯ ಜೊತೆಗೆ ಪ್ರತಿ ಪ್ರೋಟೀನನ್ನೂ ತಿರುಗುಮುರುಗು ಬರೆದು ಇನ್ನೊಂದು ಹುಸಿ ಪಟ್ಟಿ ಸೇರಿಸಿಕೊಳ್ಳುತ್ತದೆ. ಆ ಹುಸಿ ಪ್ರೋಟೀನ್‌ಗಳು ಯಾವ ಮನುಷ್ಯನಲ್ಲೂ ಇಲ್ಲ. ಆದ್ದರಿಂದ ಅವು ಎಷ್ಟು ಸಲ "ಸಿಕ್ಕಿವೆ" ಅಂತ ಎಣಿಸಿದರೆ, ನಿಜವಾದ ಪಟ್ಟಿಯಲ್ಲೂ ಸುಮಾರು ಅಷ್ಟೇ ಸುಳ್ಳು ಹೊಂದಿಕೆ ಇರಬಹುದು ಅಂತ ಅಂದಾಜು ಸಿಗುತ್ತದೆ. ಸುಳ್ಳು 1 ಪರ್ಸೆಂಟ್ ದಾಟದ ಹಾಗೆ ಗೆರೆ ಎಳೆಯುತ್ತದೆ. ತುಂಡುಗಳ ಮಟ್ಟದಲ್ಲಿ ಒಂದು ಸಲ, ಪ್ರೋಟೀನ್ ಮಟ್ಟದಲ್ಲಿ ಇನ್ನೊಂದು ಸಲ. ಮೊರದಲ್ಲಿ ಕೇರಿ ಜೊಳ್ಳು ಹಾರಿಸಿದ ಹಾಗೆ.

ಈ ಎರಡನೇ ಸಲದ ಗೆರೆ ಎಷ್ಟು ಮುಖ್ಯ ಅಂತ ನಮ್ಮ ಬೆಂಗಳೂರಿಗೇ ಸಂಬಂಧಪಟ್ಟ ಒಂದು ದೊಡ್ಡ ಕೆಲಸದಿಂದ ತಿಳಿಯುತ್ತದೆ. 2014ರಲ್ಲಿ ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸೇರಿ ಮನುಷ್ಯನ ಪ್ರೋಟಿಯೋಮ್‌ನ, ಅಂದರೆ ಮೈಯಲ್ಲಿರುವ ಒಟ್ಟು ಪ್ರೋಟೀನ್‌ಗಳ, ಮೊದಲ ಕರಡು ನಕ್ಷೆ ಪ್ರಕಟಿಸಿದರು. 30 ಬಗೆಯ ಅಂಗಾಂಶ ಮತ್ತು ಜೀವಕೋಶಗಳಿಂದ 17,294 ಜೀನ್‌ಗಳ ಪ್ರೋಟೀನ್. ನೇಚರ್‌ನ ಅದೇ ಸಂಚಿಕೆಯಲ್ಲಿ ಜರ್ಮನಿಯ ಗುಂಪಿನ ಇನ್ನೊಂದು ನಕ್ಷೆಯೂ ಬಂತು. ಕನ್ನಡದ ನೆಲದಿಂದ ಹೋದ ಆ ಪ್ರಬಂಧ ನೋಡಿ ನನಗೆ ಈಗಲೂ ಹೆಮ್ಮೆ. ಆದರೆ ಅದೇ ವರ್ಷ ಇನ್ನೊಂದು ಗುಂಪು ಎರಡೂ ನಕ್ಷೆಗಳನ್ನು ಕೂತು ನೋಡಿ ಒಂದು ಸರಳ ಪ್ರಶ್ನೆ ಎತ್ತಿತು. ಮೂಗಿನ ಅಂಗಾಂಶವೇ ಇಲ್ಲದ ಡೇಟಾದಲ್ಲಿ ವಾಸನೆ ಹಿಡಿಯುವ ಗ್ರಾಹಕ ಪ್ರೋಟೀನ್‌ಗಳು ಹೇಗೆ ಬಂದವು? ಡೇಟಾ ದೊಡ್ಡದಾದಷ್ಟೂ ಸಣ್ಣ ಸಣ್ಣ ಸುಳ್ಳು ಹೊಂದಿಕೆಗಳು ಬೇರೆ ಬೇರೆ ಪ್ರೋಟೀನ್ ಮೇಲೆ ಹೋಗಿ ಕೂರುತ್ತವೆ. ತುಂಡಿನ ಮಟ್ಟದಲ್ಲಿ 1 ಪರ್ಸೆಂಟ್ ಇಟ್ಟರೂ ಪ್ರೋಟೀನ್ ಮಟ್ಟದಲ್ಲಿ ಅದು ಬೆಳೆದುಬಿಡುತ್ತದೆ. ಹಾಗಾಗಿ ಜಾಸ್ತಿ ಪ್ರೋಟೀನ್ ಸಿಗಲಿ ಅಂತ ಯಾರಾದರೂ ಪ್ರೋಟೀನ್ ಮಟ್ಟದ ಗೆರೆ ಸಡಿಲ ಮಾಡಿದರೆ ನಾನು ಅಲ್ಲೇ ತಡೆಯುತ್ತೇನೆ.

ಟೇಬಲ್ ಬಂದ ಮೇಲೆ ಪರ್ಸ್ಯೂಸ್ ತೆಗೆಯಿರಿ. ಮೊದಲ ಕೆಲಸ, ಪ್ಲಸ್ ಗುರುತು ಇರುವ ಸಾಲುಗಳನ್ನು ತೆಗೆಯೋದು. ಹುಸಿ ಪಟ್ಟಿಯವು, ರಾಸಾಯನಿಕ ಮಾರ್ಪಾಡು ಆದ ತುಂಡಿನಿಂದ ಮಾತ್ರ ಗುರುತಾದವು, ಕಲಬೆರಕೆಯವು. ಕಲಬೆರಕೆ ಅಂದರೆ ನಮ್ಮ ಚರ್ಮದ ಕೆರಾಟಿನ್, ನಾವೇ ಹಾಕಿದ ಟ್ರಿಪ್ಸಿನ್, ಹಸುವಿನ ಸೀರಂ ಪ್ರೋಟೀನ್‌ಗಳು ಇತ್ಯಾದಿ. ಇಲ್ಲಿ ಪ್ಲಾಸ್ಮಾದವರು ಒಂದು ನಿಮಿಷ ನಿಲ್ಲಬೇಕು. ಹಸುವಿನ ಪ್ರೋಟೀನ್ ಮತ್ತು ಮನುಷ್ಯನ ಪ್ರೋಟೀನ್ ನಡುವೆ ಕೆಲವು ತುಂಡುಗಳು ಒಂದೇ ಆಗಿರುತ್ತವೆ. ಅದರಿಂದ ನಿಮಗೆ ಬೇಕಾದ ಪ್ಲಾಸ್ಮಾ ಪ್ರೋಟೀನೇ ಕಲಬೆರಕೆ ಗುಂಪಿಗೆ ಬಿದ್ದು ಹೊರಗೆ ಹೋಗಿಬಿಡಬಹುದು. ತೆಗೆಯುವ ಮೊದಲು ಆ ಸಾಲುಗಳನ್ನು ಕಣ್ಣಾಡಿಸಿ ನೋಡಿ. ಕೆರಾಟಿನ್ ಜಾಸ್ತಿ ಇದ್ದರೆ ಅದೂ ಒಂದು ಸುದ್ದಿಯೇ, ಸ್ಯಾಂಪಲ್ ಮಾಡುವಾಗ ಗ್ಲೌಸ್ ಸರಿಯಾಗಿ ಹಾಕಿರಲಿಲ್ಲ ಅಂತ.

ಈಗ ನನ್ನ ದೊಡ್ಡ ತಕರಾರು. ಖಾಲಿ ಜಾಗ ತುಂಬುವುದು. ಮ್ಯಾಕ್ಸ್‌ಕ್ವಾಂಟ್ ಟೇಬಲ್‌ನಲ್ಲಿ ಒಂದು ಪ್ರೋಟೀನ್ ಸಿಗದ ಕಡೆ ಸೊನ್ನೆ ಇರುತ್ತದೆ. ಲಾಗ್ ತೆಗೆದಾಗ ಆ ಸೊನ್ನೆ ಬೆಲೆಯೇ ಇಲ್ಲದ ಖಾಲಿ ಜಾಗ ಆಗುತ್ತದೆ. ಪ್ರೋಟೀನ್ ಇರಲಿಲ್ಲವಾ, ಇದ್ದೂ ಮೆಷಿನ್ ಅದನ್ನು ಆರಿಸಿಕೊಳ್ಳಲಿಲ್ಲವಾ, ಆ ಖಾಲಿ ಜಾಗ ಏನೂ ಹೇಳುವುದಿಲ್ಲ. ಪರ್ಸ್ಯೂಸ್ ಒಂದು ಬಟನ್‌ನಲ್ಲಿ ಇವನ್ನೆಲ್ಲ ತುಂಬಿಕೊಡುತ್ತದೆ. ಮೊದಲೇ ಇಟ್ಟ ಸೆಟ್ಟಿಂಗ್ ಪ್ರಕಾರ ಇರುವ ಬೆಲೆಗಳ ಸರಾಸರಿಯಿಂದ ಸ್ಟ್ಯಾಂಡರ್ಡ್ ಡೀವಿಯೇಷನ್‌ನ (ಬೆಲೆಗಳು ಎಷ್ಟು ಚೆದುರಿವೆ ಅನ್ನುವ ಅಳತೆ) 1.8 ಪಟ್ಟು ಕೆಳಗೆ ಸರಿದು, ಅದರ 0.3 ಪಟ್ಟು ಅಗಲದ ಕಿರಿದಾದ ಹರವಿನಿಂದ ಸಂಖ್ಯೆಗಳನ್ನು ಎತ್ತಿ ಹಾಕುತ್ತದೆ. ಅಂದರೆ "ಸಿಗಲಿಲ್ಲ ಅಂದರೆ ತುಂಬಾ ಕಡಿಮೆ ಇತ್ತು" ಅಂತ ಊಹೆ. ಜೀವಕೋಶದಲ್ಲಿ ಒಂದು ಪ್ರೋಟೀನ್ ಹಿಡಿದು, ಅದಕ್ಕೆ ಅಂಟಿದವನ್ನೂ ಜೊತೆಗೆ ಎಳೆದು ತೆಗೆಯುವ ಪ್ರಯೋಗದಲ್ಲಿ ಈ ಊಹೆ ಚೆನ್ನಾಗಿ ಹೊಂದುತ್ತದೆ. ರೋಗಿಗಳ ಪ್ಲಾಸ್ಮಾದಲ್ಲಿ ಹಾಗಲ್ಲ. ರೋಗಿಗಳ 12 ಸ್ಯಾಂಪಲ್‌ನಲ್ಲಿ ಎಂಟರಲ್ಲಿ ಸಿಕ್ಕಿ, ಆರೋಗ್ಯವಂತರ 12ರಲ್ಲಿ ಮೂರರಲ್ಲಿ ಸಿಕ್ಕ ಪ್ರೋಟೀನ್ ಅಂದುಕೊಳ್ಳಿ. ಆ ಒಂಬತ್ತು ಖಾಲಿ ಜಾಗಕ್ಕೆ ಒಂದಕ್ಕೊಂದು ಹತ್ತಿರದ ಕಡಿಮೆ ಸಂಖ್ಯೆಗಳು ಬಂದು ಕೂತ ತಕ್ಷಣ ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟ್ ಖುಷಿಯಿಂದ "ದೊಡ್ಡ ವ್ಯತ್ಯಾಸ" ಅನ್ನುತ್ತದೆ. ಆ ವ್ಯತ್ಯಾಸದ ಬಹುಪಾಲು ನಾವು ತುಂಬಿದ್ದು, ರೋಗ ತಂದದ್ದಲ್ಲ.

ನಾನು ಮಾಡುವುದು ಇಷ್ಟು. ಒಂದು ಗುಂಪಿನಲ್ಲಾದರೂ ಶೇಕಡಾ 70ರಷ್ಟು ನಿಜವಾದ ಬೆಲೆ ಇಲ್ಲದ ಪ್ರೋಟೀನನ್ನು ಮೊದಲೇ ತೆಗೆದುಬಿಡುತ್ತೇನೆ. ಆಮೇಲೆ 1.8 ಇಟ್ಟು ಒಂದು ಸಲ, ಅದರ ಜಾಗದಲ್ಲಿ 1.6 ಇಟ್ಟು ಒಂದು ಸಲ, 2.0 ಇಟ್ಟು ಒಂದು ಸಲ, ಏನೂ ತುಂಬದೆ ಒಂದು ಸಲ ಲೆಕ್ಕ ಮಾಡುತ್ತೇನೆ. ನಾಲ್ಕೂ ಸಲ ಪಟ್ಟಿಯಲ್ಲಿ ಉಳಿದದ್ದನ್ನು ಮಾತ್ರ ಗೈಡ್ ಮುಂದೆ ಇಡುತ್ತೇನೆ. ಪಟ್ಟಿ ಅರ್ಧಕ್ಕಿಂತ ಕೆಳಗೆ ಇಳಿದ ದಿನ ಬೇಜಾರಾಗುತ್ತದೆ. ಆದರೂ ಅದೇ ಸರಿ.

ಮ್ಯಾಚ್ ಬಿಟ್ವೀನ್ ರನ್ಸ್ ಎಂಬ ಸೌಲಭ್ಯವೂ ಇದೇ ಜಾತಿಯದು. ಒಂದು ರನ್‌ನಲ್ಲಿ ಹೆಸರು ಸಿಕ್ಕ ತುಂಡಿನ ತೂಕ ಮತ್ತು ಅದು ಹೊರಬಂದ ಸಮಯ ನೋಡಿ, ಇನ್ನೊಂದು ರನ್‌ನಲ್ಲಿ ಹೆಸರಿಲ್ಲದೆ ಕೂತಿರುವ ಪೀಕ್‌ಗೆ ಅದೇ ಹೆಸರು ಕೊಡುತ್ತದೆ. ಖಾಲಿ ಜಾಗ ನಿಜಕ್ಕೂ ಕಡಿಮೆಯಾಗುತ್ತದೆ, ಪ್ಲಾಸ್ಮಾದಲ್ಲಿ ನಾನು ಇದನ್ನು ಬಳಸುತ್ತೇನೆ. ಆದರೆ ಕೆಲವು ಹೆಸರು ತಪ್ಪು ಪೀಕ್‌ಗೂ ಹೋಗುತ್ತವೆ. ಒಂದು ಪ್ರೋಟೀನ್ ನಿಮ್ಮ ಮುಖ್ಯ ಗುರುತು ಆಗುವಂತಿದ್ದರೆ, ಅದರ ಬೆಲೆಗಳಲ್ಲಿ ಎಷ್ಟು ನೇರವಾಗಿ ಗುರುತಾದವು, ಎಷ್ಟು ಎರವಲು ಬಂದವು ಅಂತ ತೆಗೆದು ನೋಡಿ. ಆ ಮಾಹಿತಿ ಅದೇ ಟೇಬಲ್‌ನಲ್ಲಿ ಐಡೆಂಟಿಫಿಕೇಷನ್ ಟೈಪ್ ಕಾಲಂನಲ್ಲಿ ಇದೆ, ಹೆಚ್ಚಿನವರು ನೋಡುವುದೇ ಇಲ್ಲ.

ಒಂದು ಘಟನೆ ಹೇಳಲೇಬೇಕು. ಡಯಾಬಿಟಿಸ್‌ನಿಂದ ಕಿಡ್ನಿ ತೊಂದರೆ ಆದವರ ಪ್ಲಾಸ್ಮಾ ಒಂದು ಆಸ್ಪತ್ರೆಯಿಂದ ಬಂದಿತ್ತು, ಹೋಲಿಕೆಗೆ ಆರೋಗ್ಯವಂತರ ಸ್ಯಾಂಪಲ್ ಬೇರೊಂದು ಕಡೆಯಿಂದ. ಎರಡು ಗುಂಪಿನ ನಡುವೆ ವ್ಯತ್ಯಾಸ ಎಷ್ಟು, ಅದು ಎಷ್ಟು ಗಟ್ಟಿ ಅಂತ ಪ್ರತಿ ಪ್ರೋಟೀನಿಗೊಂದು ಚುಕ್ಕೆ ಇಟ್ಟು ತೋರಿಸುವ ವಾಲ್ಕನೋ ಪ್ಲಾಟ್ ತೆರೆದಾಗ ಬಲಗಡೆ ಮೇಲೆ ಚುಕ್ಕೆಗಳು ಎಷ್ಟು ಚೆಂದವಾಗಿ ಎದ್ದು ನಿಂತಿದ್ದವು ಅಂದರೆ, ಪಕ್ಕದ ಟೇಬಲ್‌ನವರನ್ನೂ ಕರೆದು ತೋರಿಸಿದೆ. ಪರ್ಸ್ಯೂಸ್‌ನಲ್ಲಿ ಚುಕ್ಕೆ ಮೇಲೆ ಒತ್ತಿದರೆ ಹೆಸರು ಬರುತ್ತದೆ. ಒಂದೊಂದಾಗಿ ಒತ್ತುತ್ತಾ ಹೋದೆ. ಹಿಮೋಗ್ಲೋಬಿನ್ ಆಲ್ಫಾ. ಹಿಮೋಗ್ಲೋಬಿನ್ ಬೀಟಾ. ಕಾರ್ಬಾನಿಕ್ ಅನ್‌ಹೈಡ್ರೇಸ್ 1. ಪೆರಾಕ್ಸಿರೆಡಾಕ್ಸಿನ್ 2. ನಾಲ್ಕನೇ ಹೆಸರಿಗೆ ಕೈ ನಿಂತುಹೋಯಿತು. ಇವೆಲ್ಲ ಕೆಂಪು ರಕ್ತಕಣದ ಒಳಗಿರುವ ಪ್ರೋಟೀನ್‌ಗಳು. ಫ್ರೀಜರ್‌ನಿಂದ ಉಳಿದ ಟ್ಯೂಬ್‌ಗಳ ಬಾಕ್ಸ್ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಆರೋಗ್ಯವಂತರದ್ದು ತಿಳಿ ಹಳದಿ. ರೋಗಿಗಳ ಟ್ಯೂಬ್‌ಗಳಲ್ಲಿ ಎಷ್ಟೋ ನಸುಗೆಂಪು, ತಿಳಿಸಾರಿನ ಬಣ್ಣ. ರಕ್ತ ತೆಗೆಯುವಾಗಲೋ, ಸೆಂಟ್ರಿಫ್ಯೂಜ್‌ಗೆ ಹಾಕಲು ತಡವಾಗಿಯೋ ಕಣಗಳು ಒಡೆದಿದ್ದವು. ನಾವು ಕಿಡ್ನಿ ರೋಗದ ಗುರುತು ಅಂದುಕೊಂಡದ್ದು ಎರಡು ಕಡೆ ರಕ್ತ ತೆಗೆದ ರೀತಿಯ ವ್ಯತ್ಯಾಸ. ನಾಲ್ಕು ತಿಂಗಳ ಕೆಲಸ. ಅಷ್ಟು ಜನ ರೋಗಿಗಳು ನಂಬಿ ರಕ್ತ ಕೊಟ್ಟಿದ್ದರು ಅನ್ನೋದು ನನ್ನನ್ನು ಈಗಲೂ ಕಾಡುತ್ತದೆ.

ಮ್ಯಾಕ್ಸ್‌ಕ್ವಾಂಟ್ ಅಲ್ಲಿ ಒಂದು ತಪ್ಪನ್ನೂ ಮಾಡಿರಲಿಲ್ಲ. ಹಿಮೋಗ್ಲೋಬಿನ್ ಅನ್ನು ಹಿಮೋಗ್ಲೋಬಿನ್ ಅಂತಲೇ ಸರಿಯಾಗಿ ಗುರುತಿಸಿ, ಸರಿಯಾಗಿ ಅಳೆದಿತ್ತು. ಈಗ ನಾನು ಯಾವ ಪ್ಲಾಸ್ಮಾ ಡೇಟಾ ಬಂದರೂ ರೋಗದ ಹೋಲಿಕೆಗೆ ಮೊದಲೇ ಮೂರು ಗುಂಪು ನೋಡುತ್ತೇನೆ. ಕೆಂಪು ಕಣದ ಪ್ರೋಟೀನ್‌ಗಳು, ಪ್ಲೇಟ್‌ಲೆಟ್ ಪ್ರೋಟೀನ್‌ಗಳು, ರಕ್ತ ಹೆಪ್ಪುಗಟ್ಟಿದ್ದರ ಸುಳಿವಾಗಿ ಫೈಬ್ರಿನೋಜೆನ್. 2019ರಲ್ಲಿ ಮಾನ್ ಗುಂಪಿನವರೇ ಪ್ಲಾಸ್ಮಾ ಗುಣಮಟ್ಟ ನೋಡಲು ಈ ಬಗೆಯ ಪ್ರೋಟೀನ್ ಗುಂಪುಗಳನ್ನು ಪ್ರಕಟಿಸಿದ್ದಾರೆ. ಪರ್ಸ್ಯೂಸ್‌ನಲ್ಲಿ ಇದನ್ನು ಮಾಡಲು ಹತ್ತು ನಿಮಿಷ ಸಾಕು.

ಇದು ನಮ್ಮೊಬ್ಬರ ಕಥೆ ಅಲ್ಲ. 2002ರಲ್ಲಿ ಲ್ಯಾನ್ಸೆಟ್‌ನಲ್ಲಿ ಒಂದು ಪ್ರಬಂಧ ಬಂತು. ಸೀರಂನ ಮಾಸ್ ಸ್ಪೆಕ್ ವಿನ್ಯಾಸ ನೋಡಿ ಅಂಡಾಶಯದ ಕ್ಯಾನ್ಸರ್ ಹಿಡಿಯಬಹುದು ಅಂತ. 50 ರೋಗಿಗಳಲ್ಲಿ 50 ಜನರನ್ನೂ ಸರಿಯಾಗಿ ಗುರುತಿಸಿದ್ದರು. ಜಗತ್ತೇ ತಿರುಗಿ ನೋಡಿತು. ಆಮೇಲೆ ಟೆಕ್ಸಾಸ್‌ನ ಎಂ.ಡಿ. ಆಂಡರ್ಸನ್‌ನ ಕೀತ್ ಬ್ಯಾಗರ್ಲಿ ಮತ್ತು ಜೊತೆಗಾರರು ಸಾರ್ವಜನಿಕವಾಗಿ ಇಟ್ಟಿದ್ದ ಡೇಟಾ ಇಳಿಸಿಕೊಂಡು ಮತ್ತೆ ಲೆಕ್ಕ ಮಾಡಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಡೇಟಾದಲ್ಲಿ ಸಿಕ್ಕ ಗುರುತು ಇನ್ನೊಂದರಲ್ಲಿ ನಿಲ್ಲಲಿಲ್ಲ, ಸ್ಯಾಂಪಲ್‌ಗಳನ್ನು ನಡೆಸಿದ ರೀತಿಯ ವ್ಯತ್ಯಾಸಗಳೇ ಎದ್ದು ಕಾಣುತ್ತಿದ್ದವು. ಅದೇ ಅಂಡಾಶಯದ ಕ್ಯಾನ್ಸರ್‌ಗೆ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟ ಓವಾ1 ಟೆಸ್ಟ್ ನೋಡಿ. ಅದರಲ್ಲಿ ಐದು ಪ್ರೋಟೀನ್. ಹಳೆಯ ಸಿಎ-125, ಜೊತೆಗೆ ಟ್ರಾನ್ಸ್‌ಥೈರೆಟಿನ್, ಅಪೊಲಿಪೊಪ್ರೋಟೀನ್ ಎ1, ಬೀಟಾ-2 ಮೈಕ್ರೋಗ್ಲೋಬ್ಯುಲಿನ್, ಟ್ರಾನ್ಸ್‌ಫೆರಿನ್. ಪೀಕ್‌ಗಳ ವಿನ್ಯಾಸದಲ್ಲೇ ನಿಲ್ಲದೆ, ಹೆಸರಿರುವ ಪ್ರೋಟೀನ್‌ಗಳಾಗಿ, ಆಂಟಿಬಾಡಿಯಿಂದ ಅಳೆಯುವ ಹಾಗೆ ಅದನ್ನು ಮಾಡಿದ್ದರು.

ಮತ್ತೆ ವಿಷಯಕ್ಕೆ ಬರುತ್ತೇನೆ. ಪರ್ಸ್ಯೂಸ್‌ನ ಟೆಸ್ಟ್ ಭಾಗ ಗಟ್ಟಿ. 500 ಪ್ರೋಟೀನ್‌ಗೆ ಸುಮ್ನೆ ಪಿ ಬೆಲೆ 0.05, ಅಂದರೆ ಆಕಸ್ಮಿಕ ಗೆಲುವಿಗೆ ನೂರಕ್ಕೆ ಐದರಷ್ಟು ಅವಕಾಶ, ಅಂತ ಇಟ್ಟರೆ ಏನೂ ವ್ಯತ್ಯಾಸ ಇಲ್ಲದಿದ್ದರೂ ಸುಮಾರು 25 ಪ್ರೋಟೀನ್ ಗೆದ್ದು ಬರುತ್ತವೆ. ಪರ್ಸ್ಯೂಸ್ ಗುಂಪುಗಳ ಹೆಸರನ್ನು 250 ಸಲ ಕಲಸಿ ನೋಡಿ, ಸುಳ್ಳು ಎಷ್ಟು ಬರಬಹುದು ಅಂತ ಅಳೆದು ಗೆರೆ ಎಳೆಯುತ್ತದೆ. ಬಟನ್ ಒತ್ತಿದರೆ ಆಗುವ ಕೆಲಸ. ಕೋಡ್ ಬರೆಯಲು ಬಾರದ ವೈದ್ಯರಿಗೂ, ಎಂಎಸ್ಸಿ ಹುಡುಗರಿಗೂ ಇದು ದೊಡ್ಡ ಉಪಕಾರ. ನೀವು ಮಾಡಿದ ಪ್ರತಿ ಹೆಜ್ಜೆಯೂ ಪರದೆ ಮೇಲೆ ಮರದ ಕೊಂಬೆಗಳ ಹಾಗೆ ಉಳಿದಿರುತ್ತದೆ, ಎಲ್ಲಿ ತಪ್ಪಿತು ಅಂತ ಹಿಂದಕ್ಕೆ ಹೋಗಿ ನೋಡಬಹುದು. ಆದರೆ ಸ್ಯಾಂಪಲ್ ನೂರರ ಮೇಲೆ ಹೋದರೆ, ಬ್ಯಾಚ್, ವಯಸ್ಸು, ಔಷಧಿ ಎಲ್ಲವನ್ನೂ ಲೆಕ್ಕಕ್ಕೆ ತಗೊಳ್ಳಬೇಕಾದರೆ ಕೋಡ್ ಬರೆದು ಲೆಕ್ಕ ಮಾಡುವ ಆರ್ ಭಾಷೆಗೆ ಹೋಗುವುದೇ ಒಳ್ಳೆಯದು.

ನಿಮ್ಮ ಡೇಟಾ ಡಿಐಎ ಬಗೆಯದಾದರೆ, ಅಂದರೆ ಮೆಷಿನ್ ಆರಿಸಿಕೊಳ್ಳದೆ ಎಲ್ಲ ತುಂಡನ್ನೂ ಒಡೆದು ನೋಡುವ ಬಗೆ, ಆಗ ನನ್ನ ಆಯ್ಕೆ ಬೇರೆ. ಮ್ಯಾಕ್ಸ್‌ಕ್ವಾಂಟ್‌ನಲ್ಲೂ 2021ರಿಂದ ಮ್ಯಾಕ್ಸ್‌ಡಿಐಎ ಇದೆ, ಆದರೆ 2020ರಲ್ಲಿ ಪ್ರಕಟವಾದ ಡಿಐಎ-ಎನ್ಎನ್ ನನ್ನ ಕೈಗೆ ಒಗ್ಗಿದೆ, ಬೇಗ ಮುಗಿಯುತ್ತದೆ, ಖಾಲಿ ಜಾಗ ಕಡಿಮೆ. ದೊಡ್ಡ ರೋಗಿ ಗುಂಪುಗಳ ಪ್ಲಾಸ್ಮಾ ಕೆಲಸ ಈಗ ಹೆಚ್ಚಾಗಿ ಡಿಐಎ ಕಡೆಗೇ ಹೋಗುತ್ತಿದೆ, ಹೊಸದಾಗಿ ಶುರು ಮಾಡುವವರು ಅದನ್ನೂ ಯೋಚಿಸಿ. ಪಟ್ಟಿಯಲ್ಲಿ ಉಳಿದ ಮೂರು ನಾಲ್ಕು ಪ್ರೋಟೀನ್‌ಗಳನ್ನು ಹೊಸ ರೋಗಿಗಳಲ್ಲಿ ಗುರಿಯಿಟ್ಟು ಅಳೆಯುವ ಹಂತಕ್ಕೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಕೈಲೈನ್ ಎಂಬ ಸಾಫ್ಟ್‌ವೇರ್. ಅದೂ ಉಚಿತ, ಪೀಕ್‌ಗಳನ್ನು ಕಣ್ಣಾರೆ ನೋಡಬಹುದು.

ಮ್ಯಾಕ್ಸ್‌ಕ್ವಾಂಟ್ ಕಲಿಯೋದಕ್ಕೆ ಅವರ ಸಮ್ಮರ್ ಸ್ಕೂಲ್ ಪಾಠಗಳು ಯೂಟ್ಯೂಬ್‌ನಲ್ಲಿವೆ, ಎಲ್ಲ ಇಂಗ್ಲಿಷ್‌ನಲ್ಲಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ತುಂಬುವ ಬಟನ್‌ಗೆ. ಅದನ್ನು ಒತ್ತುವ ಮೊದಲು ಪರದೆ ಮೇಲೆ ಒಂದು ಎಚ್ಚರಿಕೆ ಸಾಲು ಬರುವಂತಿದ್ದರೆ ಎಷ್ಟೋ ಹುಡುಗರ ಪ್ರಬಂಧ ಉಳಿಯುತ್ತಿತ್ತು.

ಕೈಯಲ್ಲಿ ಸ್ವಂತ ಸ್ಯಾಂಪಲ್ ಇಲ್ಲದವರೂ ಇಂದೇ ಶುರು ಮಾಡಬಹುದು. ಮಾಸ್ ಸ್ಪೆಕ್ ಡೇಟಾವನ್ನು ಎಲ್ಲರಿಗೂ ತೆರೆದಿಟ್ಟಿರುವ ಬ್ರಿಟನ್ನಿನ ಪ್ರೈಡ್ ಭಂಡಾರಕ್ಕೆ ಹೋಗಿ, ಪ್ಲಾಸ್ಮಾ ಅಂತ ಹುಡುಕಿ, ಪಿಎಕ್ಸ್‌ಡಿ ಅಂತ ಶುರುವಾಗುವ ನಂಬರ್ ಇರುವ ಒಂದು ಸಣ್ಣ ಪ್ರಾಜೆಕ್ಟ್ ಆರಿಸಿ. ಆರೋ ಎಂಟೋ ರಾ ಫೈಲ್ ಸಾಕು. ಸಂಜೆ ಸ್ಟಾರ್ಟ್ ಒತ್ತಿ. ಬೆಳಿಗ್ಗೆ ಟೇಬಲ್ ತೆರೆದಾಗ ಮೊದಲು ಹಿಮೋಗ್ಲೋಬಿನ್ ಸಾಲು ಹುಡುಕಿ, ಯಾವ ಸ್ಯಾಂಪಲ್‌ನಲ್ಲಿ ಎಷ್ಟಿದೆ ಅಂತ ನೋಡಿ. ಉಳಿದದ್ದು ಆಮೇಲೆ.